ಅಳಿಯನಿಗೆ ಒಂದು ಕಾಗದ

ಎಮಲಹ್ಲೇನಿ, ದಕ್ಷಿಣ ಆಫ್ರಿಕಾ
ಭಾನುವಾರ ಸಂಜೆ

ಪ್ರೀತಿಯ ಅಳಿಯನಿಗೆ,

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿ ಅತ್ತಳು. ನೀನು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲವಂತೆ. ಈ ಸೀಸನ್ ಪೂರ್ತಿ ನಿನ್ನನ್ನು ಎರಡನೇ ಡಿವಿಷನ್ ತಂಡಕ್ಕೆ ಲೋನ್ ಮೇಲೆ, ಅಂದರೆ ಎರವಲಾಗಿ, ಕಳಿಸುತ್ತಾರೆ ಎಂದು ಫುಟ್‌ಬಾಲ್ ಕ್ಲಬ್ಬಿನವರು ಹೇಳಿದಾಗಿನಿಂದ ಹೀಗೇ ಇದ್ದೀಯಂತೆ. ಫೋನಿನಲ್ಲಿ ಮಾತಾಡಿಸಿದರೆ ‘ಹೂಂ ಮಾವ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಲೂಮೆ ಅಂದರೆ ಬರೀ ಅಮ್ಮನ ತಮ್ಮ ಅಲ್ಲ. ಅಪ್ಪ ಇಲ್ಲದ ಹುಡುಗನಿಗೆ ಹೇಳಬೇಕಾದ ಮಾತನ್ನು ಅವನೇ ಹೇಳಬೇಕು.

ಮೊದಲೇ ಹೇಳಿಬಿಡುತ್ತೇನೆ. ಹೋಗು ಮಗನೇ. ಮನಸಾರೆ ಹೋಗು.

ನಿನ್ನನ್ನು ಕೆಳಗೆ ತಳ್ಳಿದರು ಅನ್ನಿಸಿದೆ ಅಲ್ವಾ? ಫುಟ್‌ಬಾಲ್ ಆಟಗಾರ ಪರ್ಸಿ ಟಾವ್‌ನನ್ನು ನೋಡು, ನಮ್ಮ ಊರಿನವನೇ. 1994ರಲ್ಲಿ ಹುಟ್ಟಿದ. ಆಗ ಊರಿಗೆ ವಿಟ್‌ಬ್ಯಾಂಕ್ ಎಂದೇ ಹೆಸರು. ಮಾಮೆಲೋಡಿ ಸನ್‌ಡೌನ್ಸ್ ಎಂಬ ದೊಡ್ಡ ಕ್ಲಬ್ ಸೇರಿದ ಮೇಲೆ ಅವನನ್ನೂ ಲೋನ್ ಮೇಲೆ ಕಳಿಸಿದರು. ಎಲ್ಲಿಗೆ? ಇಲ್ಲಿಗೇ, ಎರಡನೇ ಡಿವಿಷನ್ನಿನಲ್ಲಿದ್ದ ವಿಟ್‌ಬ್ಯಾಂಕ್ ಸ್ಪರ್ಸ್ ತಂಡಕ್ಕೆ. ದೊಡ್ಡ ಕ್ಲಬ್ಬಿಗೆ ಹೋದ ಹುಡುಗ ಹುಟ್ಟೂರಿಗೇ ವಾಪಸ್ ಬಂದರೆ ಬೀದಿಯವರು ಏನೆಲ್ಲ ಕೇಳುತ್ತಾರೆ, ಯೋಚನೆ ಮಾಡು. ಆದರೂ ಇಲ್ಲಿ ಅವನಿಗೆ ವಾರ ವಾರ ಆಟ ಸಿಕ್ಕಿತು. ಆಮೇಲೆ ಸನ್‌ಡೌನ್ಸ್‌ಗೆ ವಾಪಸ್ ಹೋದ. 2016ರಲ್ಲಿ ಆ ತಂಡ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದಿತು. 2017-18ರಲ್ಲಿ ಇವನೇ ನಮ್ಮ ಲೀಗಿನ ವರ್ಷದ ಆಟಗಾರ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಅವನನ್ನು ಕೊಂಡಿತು. ಅಲ್ಲಿ ಕೆಲಸ ಮಾಡುವ ಪರ್ಮಿಟ್ ಸಿಗಲಿಲ್ಲ. ಮತ್ತೆ ಲೋನ್. ಅದೂ ಬೆಲ್ಜಿಯಮ್ಮಿನ ಎರಡನೇ ಡಿವಿಷನ್ನಿಗೆ, ಯೂನಿಯನ್ ಸೇಂಟ್ ಗಿಲ್‌ವಾಸ್ ತಂಡಕ್ಕೆ. ಇಡೀ ದೇಶದ ಅತ್ಯುತ್ತಮ ಆಟಗಾರ ಎನಿಸಿಕೊಂಡವನು ಮತ್ತೆ ಕೆಳಗಿನ ಲೀಗಿನಲ್ಲಿ! ಅಲ್ಲಿಂದ ಕ್ಲಬ್ ಬ್ರೂಜ್, ಆಮೇಲೆ ಆಂಡರ್‌ಲೆಕ್ಟ್. ಬ್ರೈಟನ್ ಅಂಗಿ ಹಾಕಿ ಮೊದಲ ಆಟ ಆಡಿದ್ದು 2021ರ ಜನವರಿಯಲ್ಲಿ. ಸಹಿ ಹಾಕಿ ಎರಡೂವರೆ ವರ್ಷ ಆಗಿತ್ತು. ಇಂಗ್ಲೆಂಡಿನಲ್ಲಿ ಅವನಿಗೆ ಜಾಸ್ತಿ ಆಟ ಸಿಗಲಿಲ್ಲ. ಅದೇ ವರ್ಷ ಕೈರೋದ ಅಲ್ ಅಹ್ಲಿ ಕ್ಲಬ್ಬಿಗೆ ಹೋದ. ಅಲ್ಲಿ ಕೋಚ್ ಯಾರು? ಸನ್‌ಡೌನ್ಸ್‌ನಲ್ಲಿ ಅವನ ಆಟ ನೋಡಿದ್ದ ಪಿಟ್ಸೊ ಮೊಸಿಮಾನೆ. ಹಳೆಯ ಕೋಚ್ ಸುಮ್ನೆ ಮತ್ತೆ ಕರೆಯುವುದಿಲ್ಲ. ಈ ಹುಡುಗ ಬೆಂಚಿನಲ್ಲಿ ಕೂತಾಗ ಹೇಗಿರುತ್ತಾನೆ, ಬೆಳಗ್ಗೆ ಎಷ್ಟು ಹೊತ್ತಿಗೆ ಬರುತ್ತಾನೆ ಎನ್ನುವುದೂ ಅವರ ನೆನಪಿನಲ್ಲಿ ಇರುತ್ತದೆ.

ನಿನಗೆ ಈಗ 19. ರಿಸರ್ವ್ ತಂಡದಲ್ಲಿ ನಿನ್ನ ವಯಸ್ಸಿನವರ ಜೊತೆ ಚೆನ್ನಾಗಿಯೇ ಆಡುತ್ತೀಯ. ನಾನು ನೋಡಿದ್ದೇನೆ. ಕಾಲಿನ ಚಳಕ ತೋರಿಸಿದಾಗ ಜನ ಕೂಗುತ್ತಾರೆ, ನನಗೂ ಮೈ ಝುಂ ಅನ್ನುತ್ತದೆ. ಎರಡನೇ ಡಿವಿಷನ್ನಿನಲ್ಲಿ ನಿನ್ನ ಎದುರು ನಿಲ್ಲುವವನಿಗೆ 32 ವರ್ಷ, ಮನೆಯಲ್ಲಿ ಮೂರು ಮಕ್ಕಳು. ಗೆದ್ದರೆ ಸಿಗುವ ಬೋನಸ್ಸಿನಲ್ಲಿ ಅವನು ಸ್ಕೂಲ್ ಫೀಸು ಕಟ್ಟಬೇಕು. ಅವನು ನಿನ್ನ ಚಳಕಕ್ಕೆ ಚಪ್ಪಾಳೆ ತಟ್ಟುವುದಿಲ್ಲ. ಮೈಮೇಲೆ ಬೀಳುತ್ತಾನೆ. ಯಾವಾಗ ಚೆಂಡು ಬಿಟ್ಟುಕೊಡಬೇಕು, ಯಾವಾಗ ಇಟ್ಟುಕೊಳ್ಳಬೇಕು ಎನ್ನುವುದನ್ನು ಅಂಥವನೇ ಕಲಿಸಬೇಕು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಿ, ಮಧ್ಯಾಹ್ನದ ಬಿಸಿಲಿನಲ್ಲಿ ಗಟ್ಟಿ ನೆಲದ ಮೇಲೆ ಆಡಬೇಕಾಗುತ್ತದೆ. ಮೊದಲ ತಿಂಗಳು ನಿನಗೆ ಅಳು ಬರುತ್ತದೆ. ಬರಲಿ.

ಈಗ ಆ ಏಜೆಂಟಿನ ವಿಷಯ. ‘ಕಾಂಟ್ರಾಕ್ಟ್ ಮುರಿದು ಬಾ, ಯುರೋಪಿಗೆ ಕಳಿಸುತ್ತೇನೆ’ ಎಂದು ಒಬ್ಬ ನಿನಗೆ ಮೆಸೇಜ್ ಮಾಡುತ್ತಿದ್ದಾನಂತೆ. ಅವನನ್ನು ಒಂದೇ ಮಾತು ಕೇಳು: ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೊಡುವ ಲೈಸೆನ್ಸ್ ಎಲ್ಲಿ? ಇದ್ದರೂ ಎರಡು ವರ್ಷಕ್ಕಿಂತ ಜಾಸ್ತಿ ಅವಧಿಗೆ ಅವನ ಜೊತೆ ಒಪ್ಪಂದ ಮಾಡಿಕೊಳ್ಳಬೇಡ. ಫಿಫಾ ನಿಯಮದಲ್ಲೂ ಅಷ್ಟೇ ಇರುವುದು. ಲೋನ್ ಕಾಗದವನ್ನೂ ಓದದೆ ಸಹಿ ಹಾಕಬೇಡ. ಸಂಬಳ ಯಾರು ಕೊಡುತ್ತಾರೆ? ಗಾಯವಾದರೆ ಆಪರೇಷನ್ ಖರ್ಚು ಯಾರದು? ಜನವರಿಯಲ್ಲಿ ವಾಪಸ್ ಕರೆಸಿಕೊಳ್ಳಬಹುದಾ? ಈ ಮೂರಕ್ಕೂ ಕಾಗದದಲ್ಲೇ ಉತ್ತರ ಇರಲಿ. ಅರ್ಥವಾಗದಿದ್ದರೆ ಆಟಗಾರರ ಯೂನಿಯನ್ನಿಗೆ ಹೋಗಿ ಕೇಳು, ಅದರಲ್ಲಿ ನಾಚಿಕೆ ಏನಿಲ್ಲ. ಎರಡು ತಿಂಗಳ ಸಂಬಳ ನಿಂತರೆ, ಬರವಣಿಗೆಯಲ್ಲಿ 15 ದಿನದ ನೋಟಿಸ್ ಕೊಟ್ಟು, ಆಗಲೂ ಕೊಡದಿದ್ದರೆ ಬಿಟ್ಟು ಹೋಗುವ ಹಕ್ಕು ಫಿಫಾ ನಿಯಮದಲ್ಲಿ ಇದೆ. ಇದು ನೆನಪಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ. ನಿನ್ನಷ್ಟೇ ವಯಸ್ಸಿನಲ್ಲಿ ನಾನೂ ಒಂದು ಕ್ಲಬ್ಬಿಗೆ ಸಹಿ ಹಾಕಿದೆ, ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟುಕೊಂಡು. ಒಂದು ಸಾಲೂ ಓದಲಿಲ್ಲ. ಆರನೇ ತಿಂಗಳಲ್ಲಿ ಮೊಣಕಾಲು ತಿರುಚಿತು. ಜಾಗ ಹೋಗುತ್ತದೆ ಎಂಬ ಭಯಕ್ಕೆ ಯಾರಿಗೂ ಹೇಳದೆ ಎರಡು ಆಟ ಆಡಿದೆ. ಮೂರನೆಯದರಲ್ಲಿ ಬಿದ್ದವನು ಎದ್ದು ನಿಲ್ಲಲಿಲ್ಲ. ಚಿಕಿತ್ಸೆಯ ಮಾತು ಕಾಗದದಲ್ಲಿ ಇರಲೇ ಇಲ್ಲ. ನಿನ್ನ ಅಜ್ಜಿ ಎರಡು ಹಸು ಮಾರಿದಳು. ಆಮೇಲೆ ನಾನು ಕಲ್ಲಿದ್ದಲು ಗಣಿಗೆ ಹೋದೆ, ಅಷ್ಟೇ. ನೋವಾದರೆ ಆ ದಿನವೇ ಹೇಳು, ಮಗನೇ. ಡಾಕ್ಟರಿಗೆ ಹೇಳು, ಕೋಚಿಗೆ ಹೇಳು, ನನಗೂ ಹೇಳು.

ಹೃದಯದ ಪರೀಕ್ಷೆಯನ್ನೂ ತಪ್ಪಿಸಬೇಡ. ಜಾಂಬಿಯಾದ ಆಟಗಾರ ಎನಾಕ್ ಮ್ವೆಪು ಗೊತ್ತಲ್ಲ? ಕಫುವೆ ಸೆಲ್ಟಿಕ್ ಕ್ಲಬ್ಬಿನಿಂದ ಸಾಲ್ಜ್‌ಬರ್ಗ್, ಅಲ್ಲಿಂದ ಬ್ರೈಟನ್. 2022ರ ಅಕ್ಟೋಬರಿನಲ್ಲಿ, ವಂಶದಿಂದ ಬಂದ ಹೃದಯದ ತೊಂದರೆಯಿಂದ 24ಕ್ಕೇ ಆಟ ನಿಲ್ಲಿಸಬೇಕಾಯಿತು. ಅವನು ಸುಮ್ಮನೆ ಕೂರಲಿಲ್ಲ, ಅದೇ ಕ್ಲಬ್ಬಿನಲ್ಲಿ 9 ವರ್ಷದೊಳಗಿನ ಮಕ್ಕಳಿಗೆ ಕೋಚ್ ಆದ. ನೀನು ಅರ್ಧಕ್ಕೆ ಬಿಟ್ಟಿರುವ ಆ ಕೋರ್ಸ್ ಇದೆಯಲ್ಲ, ಬಸ್ಸಿನಲ್ಲಿ ಕೂತಾದರೂ ಓದು.

ದುಡ್ಡಿನ ವಿಷಯ ಮಾತಾಡಲು ನನಗೆ ಸಂಕೋಚ. ಸಂಬಳ ಬಂದ ದಿನ ದುಡ್ಡು ಕೇಳಿ ನೆಂಟರೆಲ್ಲ ಫೋನ್ ಮಾಡುತ್ತಾರೆ. ಇದಕ್ಕೆ ನೀವು ಹುಡುಗರು ಬ್ಲ್ಯಾಕ್ ಟ್ಯಾಕ್ಸ್ ಅನ್ನುತ್ತೀರಿ. ನನಗೆ ಆ ಹೆಸರು ಇಷ್ಟವಿಲ್ಲ, ನಿನ್ನನ್ನು ಬೆಳೆಸಿದವರು ಅವರೇ ತಾನೇ. ಆದರೆ ಅಮ್ಮನಿಗೆ ತಿಂಗಳಿಗೆ ಇಷ್ಟು ಎಂದು ಒಂದು ಮೊತ್ತ ಗೊತ್ತು ಮಾಡಿಕೊಂಡು ಅವಳ ಕೈಗೇ ಕೊಡು. ಉಳಿದವರು ನಿನ್ನನ್ನು ಕೇಳಿದರೆ ನನ್ನ ಹತ್ತಿರ ಕಳಿಸು. ಬೈಗುಳ ನಾನು ತಿನ್ನುತ್ತೇನೆ.

ಕಾರು ಈಗ ಬೇಡ. 2020ರ ನವೆಂಬರಿನಲ್ಲಿ ಆನೆಲೆ ಎನ್‌ಕೊಂಗ್ಕಾ, ಡಿಸೆಂಬರಿನಲ್ಲಿ ಮೊಟ್ಜೆಕಾ ಮಡಿಷಾ, ಇಬ್ಬರು ಫುಟ್‌ಬಾಲ್ ಆಟಗಾರರೂ ಕಾರಿನ ಅಪಘಾತದಲ್ಲಿ ಹೋದರು. ಮಡಿಷಾನಿಗೆ 25. ಆ ಸುದ್ದಿ ಕೇಳಿದ ರಾತ್ರಿ ನಿನ್ನ ಅಮ್ಮ ನಿನ್ನ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ನೀನು ನಿದ್ದೆಯಲ್ಲಿದ್ದೆ.

ಹೊಸ ತಂಡದ ಮ್ಯಾಚ್ ಪಟ್ಟಿ ಬಂದ ಕೂಡಲೇ ಕಳಿಸು. ಮೊದಲ ಆಟಕ್ಕೆ ನಾನು ಬರುತ್ತೇನೆ. ಅಮ್ಮನೂ ಬರುತ್ತಾಳೆ, ಮಗ್ವಿನ್ಯಾ, ಅದೇ ಹಿಟ್ಟಿನ ಉಂಡೆ, ಕರಿದು ತರುತ್ತಾಳಂತೆ, ತಂಡದ ಹುಡುಗರಿಗೆಲ್ಲ ಸಾಕಾಗುವಷ್ಟು. ಈಗ ಎದ್ದು ಹೋಗಿ ಊಟ ಮಾಡು. ಮಾಡಿದ ಮೇಲೆ ಅವಳಿಗೆ ಫೋನ್ ಮಾಡು.

ನಿನ್ನ
ಮಾವ