ಮೆದುಳಲ್ಲಿ ರಕ್ತ ಸೋರಿದ್ದು ಯಾಕೆಂದು ಹೇಳೋರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ದೊಡ್ಡಾಸ್ಪತ್ರೆಯ ಎಂಆರ್‌ಐ ಯಂತ್ರ ಮತ್ತೆ ಕೆಟ್ಟು ನಿಂತ ಸುದ್ದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಸಿಟಿ ಸ್ಕ್ಯಾನ್ ನಡೆಯುತ್ತಿದೆ, ರೋಗಿಗಳಿಗೆ ತೊಂದರೆ ಇಲ್ಲ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಮೈ ಉರಿದುಹೋಯಿತು. ಮೊನ್ನೆ ತಾನೇ ಕೈ ಸ್ವಾಧೀನವಿಲ್ಲದ ತಂದೆಯನ್ನು ಕರೆದುಕೊಂಡು ಹೋಗಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ‘ಯಂತ್ರ ಸರಿಹೋದ ಮೇಲೆ ಬನ್ನಿ’ ಅನ್ನಿಸಿಕೊಂಡು ವಾಪಸ್ ಬಂದವನು ನಾನು.

ಅಪ್ಪನಿಗೆ ಮೆದುಳಲ್ಲಿ ರಕ್ತಸ್ರಾವ ಆಗಿತ್ತು. ಸಿಟಿಯಲ್ಲಿ ಅದು ತಕ್ಷಣ ಕಂಡಿತು, ಜೀವವೂ ಉಳಿಯಿತು. ರಾತ್ರಿಯಿಡೀ ಓಡಾಡಿದ ಡ್ಯೂಟಿ ಡಾಕ್ಟರಿಗೂ ನರ್ಸುಗಳಿಗೂ ಕೈಮುಗಿಯುತ್ತೇನೆ. ಆದರೆ ರಕ್ತ ಸೋರಿದ್ದು ಯಾಕೆ? ಯಾರನ್ನು ಕೇಳಿದರೂ ‘ವಯಸ್ಸಾಯ್ತಲ್ವಾ, ಬಿಪಿ ಇರುತ್ತೆ’. ಡಿಸ್ಚಾರ್ಜ್ ಕಾರ್ಡಿನಲ್ಲೂ ಅಷ್ಟೇ. ಅಪ್ಪ ಬಿಪಿ ನೋಡಿಸಿದಾಗೆಲ್ಲ ಡೈರಿಯಲ್ಲಿ ಬರೆದಿಡುತ್ತಾರೆ. ಒಂದು ಸಲವೂ ಜಾಸ್ತಿ ಬಂದಿಲ್ಲ. ಆ ಡೈರಿಯನ್ನು ಯಾರೂ ತೆರೆದು ನೋಡಲಿಲ್ಲ.

ಬಿಪಿಯಿಂದ ಒಡೆಯುವ ರಕ್ತನಾಳ ಸಾಮಾನ್ಯವಾಗಿ ಮೆದುಳಿನ ಒಳಭಾಗದ್ದು. ಅಪ್ಪನಿಗೆ ರಕ್ತ ಸೋರಿದ್ದು ಹೊರಪದರದ ಹತ್ತಿರ. ನರರೋಗ ತಜ್ಞರೊಬ್ಬರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, ಬಿಳಿ ಮಚ್ಚೆಯ ಮೇಲೆ ಪೆನ್ನಿಟ್ಟು ತೋರಿಸಿದರು. ವಯಸ್ಸಾದವರಲ್ಲಿ ಈ ಜಾಗದ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡು, ಗೋಡೆ ಪೆಡಸಾಗಿ ಒಡೆಯುವುದುಂಟಂತೆ. ಹಾಗಿದ್ದರೆ ಮತ್ತೆ ರಕ್ತಸ್ರಾವ ಆಗುವ ಭಯ ಜಾಸ್ತಿ. ಹಿಂದೆ ಸದ್ದಿಲ್ಲದೆ ಸೋರಿದ ಚುಕ್ಕೆಗಳು ಸಿಟಿಯಲ್ಲಿ ಕಾಣುವುದಿಲ್ಲ. ಎಂಆರ್‌ಐನ ಎಸ್‌ಡಬ್ಲ್ಯುಐ ಎಂಬ ವಿಧಾನದಲ್ಲಿ ಕಪ್ಪಗೆ ಕಾಣುತ್ತವೆ. ಈ ಕಾಯಿಲೆ ಗುರುತಿಸುವುದಕ್ಕೆ ಬಾಸ್ಟನ್ ಮಾನದಂಡ ಅಂತಲೇ ಇದೆ, 2022ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. 50 ದಾಟಿದವರಿಗೆ ಅನ್ವಯಿಸುತ್ತದೆ, ಎಂಆರ್‌ಐ ಇಲ್ಲದೆ ಆಗುವುದಿಲ್ಲ. ಗೆಡ್ಡೆಯೋ ರಕ್ತನಾಳದ ಹುಟ್ಟುದೋಷವೋ ಇದ್ದರೆ ಹೆಪ್ಪುಗಟ್ಟಿದ ರಕ್ತದ ಹಿಂದೆ ಮರೆಯಾಗಿರಬಹುದು. ಅದಕ್ಕೇ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕಾಗುತ್ತದೆ.

ಇದು ಸುಮ್ನೆ ತಿಳಿದುಕೊಳ್ಳುವ ಚಪಲವಲ್ಲ. ಎದೆಬಡಿತ ಏರುಪೇರಾಗುತ್ತದೆಂದು ಅಪ್ಪ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರು. ಈಗ ನಿಲ್ಲಿಸಿದ್ದಾರೆ. ಮತ್ತೆ ಶುರುಮಾಡಿದರೆ ಮೆದುಳಲ್ಲಿ ರಕ್ತ ಸೋರಬಹುದು, ಬಿಟ್ಟರೆ ಹೃದಯದಿಂದ ರಕ್ತದ ಗಂಟು ಹೋಗಿ ಲಕ್ವ ಹೊಡೆಯಬಹುದು. ಒಬ್ಬ ಡಾಕ್ಟರು ಬೇಡ ಅಂದರು, ಇನ್ನೊಬ್ಬರು ನೋಡೋಣ ಅಂದರು. ಕಾರಣವೇ ಗೊತ್ತಿಲ್ಲದೆ ಅವರಾದರೂ ಏನು ಹೇಳಿಯಾರು? ಮಾತ್ರೆ ಡಬ್ಬಿ ಮೇಜಿನ ಮೇಲಿದೆ. ಅಮ್ಮ ದಿನಾ ನನ್ನ ಮುಖ ನೋಡುತ್ತಾರೆ.

ಯಂತ್ರ ಬಂದಾಗ ಟೇಪು ಕತ್ತರಿಸಲು ಎಷ್ಟು ಜನ ನಿಂತಿದ್ದರು! ಆಮೇಲೆ ಟೆಕ್ನಿಷಿಯನ್‌ನನ್ನು ವರ್ಗ ಮಾಡಿದರು, ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಲಿಫ್ಟ್ ಕೆಟ್ಟಾಗ ರೋಗಿಗಳನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಿದ್ದನ್ನು ಊರೇ ನೋಡಿದೆ. ಆಗ ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ. ಫೋನ್ ಮಾಡಿದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಯಾವ ಮೀಟಿಂಗು, ಯಾರಿಗಾಗಿ?

ಅಧಿಕಾರಿಗಳೇ, ಯಂತ್ರ ಬೇಗ ಸರಿಮಾಡಿಸಿ. ಆಗದಿದ್ದರೆ ಬೇರೆ ಕಡೆ ಸ್ಕ್ಯಾನ್ ಮಾಡಿಸುವ ಏರ್ಪಾಡು ಮಾಡಿ, ದುಡ್ಡೂ ನೀವೇ ಕಟ್ಟಿ. ಮೊದಲು ಒಬ್ಬ ಜವಾಬ್ದಾರಿಯುತ ಅಧಿಕಾರಿಯನ್ನು ಹಾಕಿ. ವಯಸ್ಸಾದವರ ತಲೆಯೊಳಗೆ ಏನಾಯಿತೆಂದು ಹುಡುಕುವುದೂ ದಂಡ ಅಂದುಕೊಂಡವರು ಆ ಕುರ್ಚಿ ಬಿಟ್ಟು ಏಳಲಿ. ನಾಚಿಕೆಯಾಗಬೇಕು.

– ನೊಂದ ಓದುಗ