ಕಾಕ್ಸ್ ಬಜಾರಿನಲ್ಲಿರುವ ಗೆಳೆಯನಿಗೆ

ದಾವಣಗೆರೆ

ಗೆಳೆಯಾ,

ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ನೀರಿನ ಕೆಲಸ ಮಾಡುತ್ತಾ ನೀನು ಬರೆದ ಪತ್ರಕ್ಕೆ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಸುಮ್ಮನಾಗೋಕೆ ಮನಸ್ಸು ಬರಲಿಲ್ಲ. ನಮ್ಮ ಪರಿಚಯದವರೆಲ್ಲ ನಿನ್ನ ವಿಷಯ ಕೇಳ್ತಾನೇ ಇರ್ತಾರೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ಊರಲ್ಲಿ ನಿನ್ನ ಬಗ್ಗೆ ಎರಡು ಥರದ ಮಾತಿದೆ. ಹಾಡು ಕೈ ಹಿಡಿಯಲಿಲ್ಲ, ದೇಶ ಬಿಟ್ಟ ಅನ್ನುವವರು ಕೆಲವರು. ಏನು ತ್ಯಾಗ ಅಂತ ಕೈ ಮುಗಿಯುವವರು ಕೆಲವರು. ಎರಡೂ ಅಲ್ಲ. ಸಿವಿಲ್ ಓದುವಾಗಲೇ ನಿನಗೆ ಪೈಪು, ಪಂಪು ಅಂದರೆ ಹುಚ್ಚು. ಭದ್ರಾ ನಾಲೆ ನೀರು ಕುಂದವಾಡ ಕೆರೆಗೆ ಹೇಗೆ ಬರುತ್ತದೆ ಅಂತ ವಿವರಿಸುತ್ತಾ, ನಡುನಡುವೆ ಹೊಸ ಹಾಡು ಗುನುಗುತ್ತಿದ್ದವನು ನೀನು. ಎರಡೂ ಇಷ್ಟವಿತ್ತು, ಒಂದನ್ನು ಆರಿಸಿಕೊಂಡೆ. ಅಷ್ಟೇ ಅಲ್ವಾ?

ನನ್ನ ಜಗಳ ಬೇರೆ. "ಇಷ್ಟು ವರ್ಷ ಹಾಡು ಬರೆದು ಯಾರಿಗೇನು ಸಿಕ್ತು, ಒಂದು ಕೊಡ ನೀರೂ ಸಿಗಲಿಲ್ಲ" ಅಂತ ಬರೆದಿದ್ದೀಯಲ್ಲ, ಆ ಸಾಲಿನ ಜೊತೆ.

ಅಲ್ಲಿನ ಕೆಲಸ ಏನು ಅಂತ ಈಗ ಸ್ವಲ್ಪ ಅರ್ಥವಾಗಿದೆ. 2017ರ ಆಗಸ್ಟ್ ನಂತರ ಮ್ಯಾನ್ಮಾರಿನ ರಖೈನ್ ಕಡೆಯಿಂದ ಏಳು ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಗಡಿ ದಾಟಿ ಬಂದರು. ಗುಡ್ಡ ಕಡಿದು ಬಿದಿರು, ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಗಡಿಬಿಡಿಯಲ್ಲಿ ತೋಡಿದ ಕೊಳವೆ ಬಾವಿಗಳಿಗೆ ಆಳವಿಲ್ಲ, ಪಕ್ಕದಲ್ಲೇ ಕಕ್ಕಸು ಗುಂಡಿ. ಮಳೆ ಹಿಡಿದರೆ ಕೇಳೋದೇ ಬೇಡ. ಹೀಗಾಗಿ ಆಳದಿಂದ ನೀರೆತ್ತಿ, ಕ್ಲೋರಿನ್ ಹಾಕಿ, ನಲ್ಲಿಗೆ ಬಿಡಬೇಕು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್. ಒಂದು ನಲ್ಲಿಗೆ 250 ಜನ ಮೀರಬಾರದು. ಮನೆಯಿಂದ ನಲ್ಲಿ 500 ಮೀಟರ್ ಒಳಗಿರಬೇಕು. ಈ ಲೆಕ್ಕ ಓದಿದ ದಿನ ಸ್ನಾನದ ಬಕೆಟ್ ನೋಡಿ ಮುಜುಗರವಾಯಿತು. 15 ಲೀಟರ್ ಅಲ್ಲೇ ಮುಗಿಯುತ್ತದೆ.

ನೀನಿರುವ ದೇಶದ್ದೇ ಕಥೆ ಹೇಳುತ್ತೇನೆ. 1971ರ ಯುದ್ಧದ ಹೊತ್ತಿಗೆ ಅಲ್ಲಿಂದ ಓಡಿ ಬಂದವರು ನಮ್ಮ ಬಂಗಾಳದ ಗಡಿಯ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಸಲೈನ್ ಬಾಟಲಿ ಮುಗಿಯುತ್ತಾ ಬಂದಿತ್ತು. ದಿಲೀಪ್ ಮಹಾಲನಬಿಸ್ ಅನ್ನುವ ಮಕ್ಕಳ ಡಾಕ್ಟರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿಗೆ ಬೆರೆಸಿ ಡ್ರಮ್ಮಿನಲ್ಲಿ ತುಂಬಿಸಿದರು. ಕುಡಿಸುವ ಕೆಲಸ ರೋಗಿಗಳ ಮನೆಯವರದು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಆಗಸ್ಟ್ 1ಕ್ಕೆ, ಸಿತಾರ್ ವಾದಕ ರವಿಶಂಕರ್ ಕೇಳಿಕೊಂಡರು ಅಂತ ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾರ್ಜ್ ಹ್ಯಾರಿಸನ್ ಈ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ಮಾಡಿದರು. ಟಿಕೆಟ್ಟಿನಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಹೋಯಿತು. ರೆಕಾರ್ಡಿನ ದುಡ್ಡು ಮಾತ್ರ ಅಮೆರಿಕದ ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ನಗಬೇಡ.

ಪ್ರಾಣ ಉಳಿಸಿದ ಲೆಕ್ಕ ಹಾಕಿದರೆ ಡಾಕ್ಟರ ಡ್ರಮ್ಮೇ ಗೆದ್ದಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಿತಾರ್ ಕೆಳಗಿಟ್ಟು ಬಂದು ಡ್ರಮ್ ಕಲಸು ಅಂತ ರವಿಶಂಕರರಿಗೆ ಯಾರಾದರೂ ಹೇಳುತ್ತಿದ್ದರಾ?

ನಿನ್ನ ಮಿಲ್ ಹಾಡಿನ ವಿಷಯ ನಿನಗೆ ಗೊತ್ತಿಲ್ಲ, ಹೇಳಿಲ್ಲ. ಹತ್ತಿ ಮಿಲ್ಲು ಮುಚ್ಚಿ ಕೆಲಸ ಹೋದ ಮೇಲೆ ಅಪ್ಪಾಜಿ ಆ ಮಾತೇ ಎತ್ತುತ್ತಿರಲಿಲ್ಲ. ನೀನು ನಮ್ಮನೆ ಜಗಲಿ ಮೇಲೆ ಅದನ್ನು ಹಾಡಿ ಹೋದ ರಾತ್ರಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಹರಿದ ನೂಲಿಗೆ ಹೇಗೆ ಗಂಟು ಹಾಕುತ್ತಿದ್ದೆ ಅಂತ ಬರಿಗೈಯಲ್ಲಿ ಮಾಡಿ ತೋರಿಸಿದರು. ಅಷ್ಟು ವರ್ಷ ಬುತ್ತಿ ಕಟ್ಟಿದ ಅಮ್ಮನೂ ಅದನ್ನು ನೋಡಿರಲಿಲ್ಲ. ಇದನ್ನು ಯಾವ ಕೊಡದಲ್ಲಿ ಅಳೆಯುತ್ತೀಯೋ?

ವಾಪಸ್ ಬಾ ಅಂತ ಹೇಳುತ್ತಿಲ್ಲ. ಇಲ್ಲಿ ಹಾಡುವವರಿಗೆ ಬರವಿಲ್ಲ, ಕ್ಲೋರಿನ್ ಲೆಕ್ಕ ಬಲ್ಲವರು ಕಮ್ಮಿ. ಹಳೇ ಹಾಡುಗಳನ್ನು ಬೈಯಬೇಡ ಅಂತ ಅಷ್ಟೇ.

ಇನ್ನೊಂದು ಕೆಲಸ ಇದೆ. ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ರಾಜ್ಯೋತ್ಸವಕ್ಕೆ ಆ ಮಿಲ್ ಹಾಡನ್ನೇ ಹಾಡುತ್ತಾಳಂತೆ, ಗಿಟಾರ್ ಇಲ್ಲ, ಹಾರ್ಮೋನಿಯಂ, ತಬಲಾ. ನಿನ್ನ ನೋಟ್‌ಬುಕ್ ನನ್ನ ಹತ್ತಿರವೇ ಇದೆ, ಆದರೆ ಮೂರನೇ ಚರಣದ ಮೇಲೆ ಯಾರೋ ಚಹಾ ಚೆಲ್ಲಿದ್ದಾರೆ. ಆ ನಾಲ್ಕು ಸಾಲು ಟೈಪ್ ಮಾಡಿ ಕಳಿಸು. ಹಾಡೋದು ಬೇಡ ಅಂತಿದ್ದರೆ ಅವಳಿಗೆ ನೀನೇ ಹೇಳು, ನನ್ನ ಕೈಲಾಗಲ್ಲ. ಹಾಂ, ನಿನ್ನ ಶ್ರುತಿ ಅವಳಿಗೆ ತೀರಾ ಕೆಳಗಾಯಿತಂತೆ. ಎಷ್ಟು ಏರಿಸಿಕೊಳ್ಳಲಿ ಅಂತ ಕೇಳುತ್ತಿದ್ದಾಳೆ.

ನಿನ್ನ ಗೆಳೆಯ