ಕೆಂಪು ಬೊಟ್ಟು ಮರೆತಿದ್ದಲ್ಲ ಸ್ವಾಮಿ, ಅದು ಇರಲೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ತುಮಕೂರು ಪುಟದಲ್ಲಿ ಮಕ್ಕಳ ಮಾಡೆಲ್ ಪ್ರದರ್ಶನದ ಸುದ್ದಿ ಬಂದಿತ್ತು, ಎರಡನೇ ಮಹಾಯುದ್ಧದ ಫೈಟರ್ ವಿಮಾನಗಳ ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಹೊಡೆದು ಇಟ್ಟಿದ್ದು, ಫೋಟೋನೂ ದೊಡ್ಡದಾಗೇ ಹಾಕಿದ್ರಿ, ಸಂತೋಷ. ಆದ್ರೆ ಫೋಟೋ ಕೆಳಗಿನ ಎರಡು ಸಾಲು ಓದಿ ನನ್ನ ಕಾಫಿ ಆರೋಯ್ತು. ಮೊದಲನೇ ಬಹುಮಾನದ ಸ್ಪಿಟ್‌ಫೈರ್ '1940ರ ಬ್ರಿಟನ್ ಕದನದ ವಿಮಾನದ ತದ್ರೂಪ'ವಂತೆ, ಪಕ್ಕದಲ್ಲಿದ್ದ ಹರಿಕೇನ್‌ಗೆ 'ವೃತ್ತದ ನಡುವಿನ ಕೆಂಪು ಬಣ್ಣ ಮರೆತಿದ್ದರಿಂದ ಅಂಕ ಕಡಿತ'ವಂತೆ. ಎರಡೂ ತಪ್ಪು. ತೀರ್ಪುಗಾರರು ಹೇಳಿದ್ರು ನೀವು ಬರೆದ್ರಿ, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು.

ಮೊದಲೇ ಹೇಳ್ಬಿಡ್ತೀನಿ, ಹರಿಕೇನ್ ಮಾಡಿದ ಹುಡುಗ ನಮ್ಮ ಬೀದಿಯವನೇ, ನನ್ನನ್ನ ತಾತ ಅಂತಾನೆ, ಹಂಗಾಗಿ ಪಕ್ಷಪಾತ ಅಂತ ಬೇಕಾದ್ರೆ ಅಂದ್ಕೊಳ್ಳಿ. ಆದ್ರೆ ನಾನು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮೂವತ್ತು ವರ್ಷದ ಮೇಲೆ ಟೂಲ್ ರೂಮಲ್ಲಿ ಇದ್ದವನು, ಪ್ಲಾಸ್ಟಿಕ್ ಮೋಲ್ಡಿಂಗಿನ ಡೈ, ಅಂದ್ರೆ ಅಚ್ಚು ಮಾಡ್ತಿದ್ವಿ, ಬಕೆಟ್ ಮುಚ್ಚಳ, ಸ್ವಿಚ್ ಬಾಕ್ಸು, ಟಿಫನ್ ಬಾಕ್ಸು ಇಂಥವು. ಈ ವಿಮಾನದ ಕಿಟ್ಟೂ ಅದೇ ಜಾತಿದು, ಸ್ಟೀಲ್ ಡೈಯೊಳಗೆ ಬಿಸಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ತುಂಬಿ ತೆಗೆಯೋದು. ಹಂಗಾಗಿ ಕಿಟ್ ಸರಿ ಇದ್ಯಾ ಇಲ್ವಾ ಅಂತ ನೋಡೋಕೆ ನನಗೆ ಅಳತೆಯ ವರ್ನಿಯರ್ ಸಾಕು, ಡಬ್ಬದ ಮೇಲಿನ ಚಿತ್ರ ಬೇಕಿಲ್ಲ.

ಈಗ ಕೆಂಪಿನ ವಿಷಯ. ಬ್ರಿಟಿಷ್ ವಿಮಾನದ ಮೇಲಿನ ಗುರುತಿನ ವೃತ್ತ, ಅಂದ್ರೆ ರೌಂಡಲ್, ನೀಲಿ, ಬಿಳಿ, ನಡುವೆ ಕೆಂಪು ಅಂತ ಎಲ್ರಿಗೂ ಗೊತ್ತು, ತೀರ್ಪುಗಾರರಿಗೂ ಅಷ್ಟೇ ಗೊತ್ತಿತ್ತು. ಆದ್ರೆ ಬರ್ಮಾ ಕಡೆ ಎದುರಾಳಿ ಜಪಾನು, ಅವರ ರೆಕ್ಕೆ ಮೇಲಿದ್ದಿದ್ದು ಬರೀ ಒಂದು ಕೆಂಪು ಸೂರ್ಯ. ಗಂಟೆಗೆ ನಾನೂರು ಐನೂರು ಕಿಲೋಮೀಟರ್ ಸ್ಪೀಡಲ್ಲಿ ಹೋಗೋವಾಗ ಕೆಂಪು ಕಂಡ್ರೆ ಶತ್ರು ಅಂತ ನಮ್ಮೋರೇ ನಮ್ಮೋರಿಗೆ ಗುಂಡು ಹೊಡೆಯೋ ಅಪಾಯ, ಅದಕ್ಕೆ 1942ರಲ್ಲಿ ಕೆಂಪಿನ ಮೇಲೆ ಬಿಳಿ ಹಚ್ಚಿಬಿಟ್ರು, ಆಮೇಲೆ 1943ರಿಂದ ಕಡು ನೀಲಿ ಸುತ್ತ, ನಡುವೆ ತಿಳಿ ನೀಲಿ, ಅಷ್ಟೇ, ಸೈಜೂ ಯುರೋಪಿನದಕ್ಕಿಂತ ಚಿಕ್ಕದು. ಅಮೆರಿಕದವರೂ ಇದೇ ಕಾರಣಕ್ಕೆ 1942ರ ಮೇನಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಬೊಟ್ಟು ತೆಗೆದ್ರು. ಹುಡುಗ ಮಾಡಿದ್ದು ಬರ್ಮಾ ಗಡಿ ಹತ್ರದ ಇಂಫಾಲದಲ್ಲಿ 1944ರಲ್ಲಿ ನಡೆದ ಕದನದ ಹರಿಕೇನ್, ನಮ್ಮದೇ ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ದು, ಆಗ ಅದರ ಕಮಾಂಡರ್ ಆಗಿದ್ದವರು ಆಮೇಲೆ ಮಾರ್ಷಲ್ ಆದ ಅರ್ಜನ್ ಸಿಂಗ್, ಅದೇ ಕದನಕ್ಕೆ ಅವರಿಗೆ ಡಿಎಫ್‌ಸಿ ಅನ್ನೋ ಶೌರ್ಯ ಪದಕ ಬಂತು. ಅವನು ಮಾಡೆಲ್ ಕೆಳಗಿನ ಚೀಟೀಲಿ 'ಇಂಫಾಲ, 1944' ಅಂತ ಬರೆದಿದ್ದ ಸ್ವಾಮಿ, ನಿಮ್ಮ ಫೋಟೋದಲ್ಲೇ ಕಾಣುತ್ತೆ, ಕನ್ನಡಕ ಹಾಕ್ಕೊಂಡು ನೋಡಿ. ಆ ವಿಮಾನದ ಮೇಲೆ ಕೆಂಪು ಹಚ್ಚಿದ್ದಿದ್ರೆ ಆಗ ಅಂಕ ಕಡೀಬೇಕಿತ್ತು.

ಇನ್ನು ಬಹುಮಾನದ ಸ್ಪಿಟ್‌ಫೈರ್. ಮಾಡಿದ ಹುಡುಗಿ ಕೈಗೆ ಒಳ್ಳೆ ಹದ ಇದೆ, ಜೋಡಣೆಯ ಗೆರೆ ಎಲ್ಲೂ ಕಾಣಲ್ಲ, ಅದಕ್ಕೆ ಬಹುಮಾನ ಕೊಟ್ಟಿದ್ರೆ ನನ್ನದೇನೂ ತಕರಾರಿಲ್ಲ. ಆದ್ರೆ ಅದರ ಮೂತೀಲಿ ನಾಲ್ಕು ಅಲಗಿನ ಪ್ರೊಪೆಲ್ಲರ್ ಇದೆ, 1940ರ ಬೇಸಿಗೇಲಿ ಹಾರಿದ ಸ್ಪಿಟ್‌ಫೈರ್‌ಗೆ ಮೂರೇ ಅಲಗು. ನಾಲ್ಕು ಅಲಗಿನ ಮಾರ್ಕ್ 9 ಅನ್ನೋ ಸ್ಪಿಟ್‌ಫೈರ್ ಬಂದಿದ್ದು 1942ರಲ್ಲಿ. ಅದೂ ಸಾಲ್ದು ಅಂತ ರೆಕ್ಕೆ ಮೇಲೆ ಕಪ್ಪು ಬಿಳಿ ಪಟ್ಟಿ ಬೇರೆ, ಆ ಪಟ್ಟಿ ಬಳಿದಿದ್ದು 1944ರ ಜೂನ್ ಮೊದಲ ವಾರ, ಬ್ರಿಟನ್ ಅಮೆರಿಕದ ಪಡೆಗಳು ಫ್ರಾನ್ಸಿನ ನಾರ್ಮಂಡಿಗೆ ಇಳಿಯೋಕೆ ಮುಂಚೆ. ಅಂದ್ರೆ ಮಾಡೆಲ್ ತನ್ನ ಮಟ್ಟಿಗೆ ಸರಿ ಇದೆ, ಅದರ ಪಕ್ಕದ ಬೋರ್ಡ್ ಬರೆದೋರು ನಾಲ್ಕು ವರ್ಷ ಹಿಂದಕ್ಕೆ ತಳ್ಳಿದಾರೆ. ಪಟ್ಟಿ 'ಗೆರೆ ಹೊಡೆದಂತೆ ನೇರ' ಅಂತ ತೀರ್ಪುಗಾರರು ಹೊಗಳಿದಾರಂತೆ, ನಿಜವಾದ್ದರಲ್ಲಿ ಎಷ್ಟೋ ವಿಮಾನಕ್ಕೆ ಒಂದೆರಡು ದಿನದ ಅವಸರದಲ್ಲಿ ಬ್ರಷ್ ತಗೊಂಡು ಬಳಿದಿದ್ದು, ನಮ್ಮಲ್ಲಿ ಹಬ್ಬದ ಹಿಂದಿನ ದಿನ ಗೋಡೆಗೆ ಸುಣ್ಣ ಹೊಡೆದಂಗೆ, ಅಂಚು ಸೊಟ್ಟಪಟ್ಟ.

ಸರಿ, ಹಂಗಾದ್ರೆ ಅಳತೆ ಹೆಂಗೆ ನೋಡೋದು ಅಂತೀರಾ. 1/72 ಸ್ಕೇಲ್ ಅಂದ್ರೆ ಲೆಕ್ಕ ಬಲು ಸುಲಭ, ಆರು ಅಡಿಗೆ ಒಂದು ಇಂಚು. ಹರಿಕೇನ್ ರೆಕ್ಕೆ ತುದಿಯಿಂದ ತುದಿಗೆ 40 ಅಡಿ, ಆರರಿಂದ ಭಾಗಿಸಿದ್ರೆ 6.67 ಇಂಚು, ಅಂದ್ರೆ 169.3 ಮಿಲಿಮೀಟರ್. ಸ್ಪಿಟ್‌ಫೈರ್ 36 ಅಡಿ 10 ಇಂಚು, ಕಿಟ್ಟಲ್ಲಿ 156 ಮಿಲಿಮೀಟರ್ ಬರ್ಬೇಕು. ಹುಡುಗನ ಹರಿಕೇನ್ ನಾನೇ ಅಳೆದೆ, 168.5 ಬಂತು. ಮುಕ್ಕಾಲು ಮಿಲಿಮೀಟರ್ ಚಿಲ್ಲರೆ ಕಮ್ಮಿ, ನಿಜವಾದ ವಿಮಾನದಲ್ಲಿ ಅದು ಎರಡೂಕಾಲು ಇಂಚು. ಯಾಕೆ ಅಂತ ಡೈ ಮಾಡಿದೋರಿಗೆ ತಕ್ಷಣ ಹೊಳೆಯುತ್ತೆ, ಪಾಲಿಸ್ಟೈರೀನ್ ಆರೋವಾಗ ನೂರು ಮಿಲಿಮೀಟರಿಗೆ ಅರ್ಧ ಮಿಲಿಮೀಟರಿನಷ್ಟು ಕುಗ್ಗುತ್ತೆ, ಡೈ ಕಟ್ ಮಾಡೋನು ಆ ಶ್ರಿಂಕೇಜ್ ಸೇರಿಸ್ಕೊಂಡೇ ಕಟ್ ಮಾಡ್ಬೇಕು, ಇಲ್ಲಿ ಯಾರೋ ಮರೆತಿರೋ ಹಂಗಿದೆ. ಇದು ನಮ್ಮ ಕೈಯಲ್ಲಿ ಆಗಿದ್ರೆ ಫೋರ್‌ಮನ್ ಹತ್ರ ಬೈಸ್ಕೋತಿದ್ವಿ, ಆದ್ರೆ ಮಾಡೆಲ್ ಕಣ್ಣಿಗೆ ಇದು ಕಾಣಲ್ಲ, ನಾನಂತೂ ಅಂಕ ಕಡಿಯಲ್ಲ.

ಅಂಕ ಕಡಿಯೋದಾದ್ರೆ ರೆಕ್ಕೆಯ ಹಿಂದಿನ ಅಂಚು ನೋಡಿ. ಪ್ಲಾಸ್ಟಿಕ್ ತೀರಾ ತೆಳ್ಳಗೆ ಹರಿಯಲ್ಲ, ಹಂಗಾಗಿ ಎಷ್ಟೋ ಕಿಟ್ಟಲ್ಲಿ ಅಂಚು ಒಂದು ಮಿಲಿಮೀಟರ್ ದಪ್ಪ ಬಿಟ್ಟಿರ್ತಾರೆ, ಅದು ನಿಜವಾದ್ದರಲ್ಲಿ 72 ಮಿಲಿಮೀಟರ್ ಆಯ್ತು, ಬಾಗಿಲ ಹಲಗೆಗಿಂತ ದಪ್ಪ, ವಿಮಾನದ ರೆಕ್ಕೆಯ ಅಂಚು ಹಂಗಿರುತ್ತಾ? ನಮ್ಮ ಹುಡುಗ ಅದನ್ನ ಒಳಗಡೆಯಿಂದ ಪಾಲಿಷ್ ಪೇಪರಲ್ಲಿ ಉಜ್ಜಿ ಉಜ್ಜಿ ಚಾಕು ಅಂಚಿನಂಗೆ ಮಾಡಿದಾನೆ, ಎರಡು ಭಾನುವಾರ ಅದೇ ಕೆಲಸ. ಅದಕ್ಕೆ ಒಂದು ಅಂಕಾನೂ ಬಿದ್ದಿಲ್ಲ. ಮೈಮೇಲಿನ ತಗಡಿನ ಜೋಡು ಗೆರೆ ಎದ್ದು ಕಾಣ್ಬೇಕು ಅಂತ ಇನ್ನೊಂದು ಹುಚ್ಚು ಇದೆ, ಗೆರೆ 0.2 ಮಿಲಿಮೀಟರ್ ಅಗಲ ಇದ್ರೂ ನಿಜವಾದ್ದರಲ್ಲಿ 14 ಮಿಲಿಮೀಟರ್ ಸಂದು, ಬೆರಳು ತೂರುತ್ತೆ. ಹರಿಕೇನ್ ಹಿಂಭಾಗಕ್ಕಂತೂ ತಗಡೇ ಇಲ್ಲ, ಮರದ ಪಟ್ಟಿ ಮೇಲೆ ಬಟ್ಟೆ. ಕಿಟ್ ಮಾಡೋರು ಆ ಬಟ್ಟೆಯನ್ನ ಹಳೇ ಮಂಚದ ನವಾರಿನಂಗೆ ಜೋಲು ಬೀಳಿಸಿರ್ತಾರೆ, ಆದ್ರೆ ಅದಕ್ಕೆ ಡೋಪ್ ಅನ್ನೋ ವಾರ್ನಿಷ್‌ನಂಥದ್ದು ಬಳಿದ ಮೇಲೆ ಬಟ್ಟೆ ಬೆಂಕಿಗೆ ಕಾಯಿಸಿದ ತಮಟೆ ಥರ ಬಿಗಿಯಾಗುತ್ತೆ.

ನನ್ನ ಕೇಳಿದ್ರೆ ಮೊದಲು ನೋಡ್ಬೇಕಾದ್ದು ಒಟ್ಟು ಆಕಾರ, ದೂರದಿಂದ, ಬೆಳಕಿಗೆ ಅಡ್ಡ ಹಿಡಿದು. ಇದು ನನ್ನ ಸ್ವಂತ ತಲೆಯಿಂದ ಬಂದಿದ್ದಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆ ಮಕ್ಕಳಿಗೆ ಮರದಲ್ಲಿ 5 ಲಕ್ಷ ವಿಮಾನ ಕೆತ್ತಿ ಕೊಡಿ ಅಂತ ಕೇಳ್ತು, ಇದೇ 1/72 ಸ್ಕೇಲಲ್ಲಿ, ಸೈನಿಕರಿಗೆ ನಮ್ಮದ್ಯಾವುದು ಅವರದ್ಯಾವುದು ಅಂತ ಗುರುತು ಹಿಡಿಯೋದು ಕಲಿಸೋಕೆ. ಅವಕ್ಕೆ ಕಪ್ಪು ಬಣ್ಣ, ರಿವೆಟ್ಟೂ ಇಲ್ಲ ಗೆರೆಯೂ ಇಲ್ಲ. 35 ಅಡಿ ದೂರದಲ್ಲಿ ಹಿಡಿದ್ರೆ ನಿಜವಾದ ವಿಮಾನ ಸುಮಾರು ಅರ್ಧ ಮೈಲಿ ದೂರದಲ್ಲಿ ಕಂಡಂಗೆ, 35ನ್ನ 72ರಿಂದ ಗುಣಿಸಿ ನೋಡಿ. ಆಕಾರ ತಪ್ಪಿದ್ರೆ ಸ್ವಂತದವರ ಮೇಲೇ ಗುಂಡು, ಹಂಗಾಗಿ ಆಕಾರ ಮಾತ್ರ ತಪ್ಪಂಗಿರಲಿಲ್ಲ.

ಬಣ್ಣದ ಬಗ್ಗೆ ಮಾತ್ರ ತೀರ್ಪುಗಾರರು ಅಷ್ಟು ಧೈರ್ಯ ತೋರಿಸ್ಬಾರದಿತ್ತು. ಆ ಕಾಲದ ಕೆಲವು ಫಿಲ್ಮಲ್ಲಿ ಕೆಂಪು ಕಪ್ಪಾಗಿ ಬೀಳುತ್ತೆ, ನೀಲಿ ಬೆಳ್ಳಗೆ ಬೀಳುತ್ತೆ, ತಿಳಿ ನೀಲಿ ನಡುಭಾಗ ಕಪ್ಪು-ಬಿಳುಪು ಫೋಟೋದಲ್ಲಿ ಬಿಳಿ ಅಂತಲೇ ಕಾಣುತ್ತೆ. ಹುಡುಗ ಇದನ್ನ ಅವರಿಗೆ ವಿವರಿಸೋಕೆ ಹೋದ್ನಂತೆ, 'ಹಿರಿಯರಿಗೆ ಎದುರು ಮಾತಾಡ್ಬೇಡ' ಅಂದ್ರಂತೆ.

ಬಹುಮಾನ ವಾಪಸ್ ತಗೊಳ್ಳಿ ಅಂತ ನಾನು ಕೇಳ್ತಿಲ್ಲ, ಆ ಹುಡುಗಿ ಚೆನ್ನಾಗೇ ಮಾಡಿದಾಳೆ, ಬೋರ್ಡ್ ಮೇಲಿನ 1940 ಒಂದು ಅಳಿಸಿದ್ರೆ ಸಾಕು. ನೀವು ಮಾತ್ರ ಎರಡು ಸಾಲು ತಿದ್ದುಪಡಿ ಹಾಕಿ. ಯಾಕೆ ಅವಸರ ಅಂದ್ರೆ, ಪೇಪರಲ್ಲೇ ಬಂದಿದೆ ಅಂದ್ಮೇಲೆ ತಪ್ಪು ತನ್ನದೇ ಇರ್ಬೇಕು ಅಂತ ಹುಡುಗ ನಿನ್ನೆ ಅಂಗಡಿಯಿಂದ ಒಂದು ಸಣ್ಣ ಕೆಂಪು ಪೇಂಟ್ ಡಬ್ಬಿ ತಂದಿಟ್ಕೊಂಡಿದಾನೆ. ಭಾನುವಾರದವರೆಗೂ ಮುಚ್ಚಳ ತೆಗೀಬೇಡ ಕಣೋ ಅಂತ ಹೇಳಿ ಬಂದಿದೀನಿ.

ಇಂತಿ,
ಒಬ್ಬ ರಿಟೈರ್ಡ್ ಟೂಲ್ ರೂಂ ಕೆಲಸಗಾರ,
ಗುಬ್ಬಿ ಗೇಟ್, ತುಮಕೂರು